ಎಂಎಲ್‌ಎ, ಸೆನೆಟರ್ ಎಲ್ಲ ಆಗಿ ಕೊನೆಗೆ ಕೌಂಟಿ ಸೂಪರ್‌ವೈಸರ್: ಇದು ಹಿಂಬಡ್ತಿಯೋ?

ಮಾವಿನತೋಪು:

ಮೊನ್ನೆ ಊರಿಗೆ ಫೋನ್ ಮಾಡಿದ್ದೆ. ಮಾತಿಗೆ ಮಾತು ಬಂದು, ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು ಎಂಎಲ್‌ಎ ಆಗಿ, ಸೆನೆಟರ್ ಆಗಿ, ರಾಜ್ಯದ ಚುನಾವಣೆಗಳನ್ನೆಲ್ಲ ನೋಡಿಕೊಳ್ಳೋ ದೊಡ್ಡ ಹುದ್ದೆಯಲ್ಲೂ ಕೂತು, ಆಮೇಲೆ ಸೂಪರ್‌ವೈಸರ್ ಆದರು ಅಂದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಪಾಪ, ಯಾವ ಫ್ಯಾಕ್ಟರಿಲಿ?" ಅಂದರು.

ನಾನು ಹೇಳ್ತಿದ್ದದ್ದು ಸಾಂತಾ ಕ್ರೂಜ್‌ನ ಬ್ರೂಸ್ ಮ್ಯಾಕ್‌ಫರ್ಸನ್ ಬಗ್ಗೆ. 1993ರಲ್ಲಿ ಉಪಚುನಾವಣೆಯಲ್ಲಿ ಗೆದ್ದು ಅಸೆಂಬ್ಲಿಗೆ ಹೋದರು. 1996ರಿಂದ 2004ರವರೆಗೆ ಸ್ಟೇಟ್ ಸೆನೆಟ್. 2002ರಲ್ಲಿ ಲೆಫ್ಟಿನೆಂಟ್ ಗವರ್ನರ್, ಅಂದರೆ ಗವರ್ನರ್ ನಂತರದ ಹುದ್ದೆಗೆ ನಿಂತು ಸೋತರು. 2005ರಲ್ಲಿ ಸೆಕ್ರೆಟರಿ ಆಫ್ ಸ್ಟೇಟ್ (ಚುನಾವಣೆ ನೋಡಿಕೊಳ್ಳೋ ಹುದ್ದೆ ಅಂದೆನಲ್ಲ, ಅದೇ) ಆಗಿ ನೇಮಕ, 2006ರ ಚುನಾವಣೆಯಲ್ಲಿ ಅದೂ ಹೋಯ್ತು. ಆರು ವರ್ಷ ಬಿಟ್ಟು, 2012ರಲ್ಲಿ ತಮ್ಮೂರಿನ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಮಂಡಳಿಗೆ ನಿಂತು ಗೆದ್ದರು; ಆ ಮಂಡಳಿಯ ಸದಸ್ಯರನ್ನೇ ಇಲ್ಲಿ ಸೂಪರ್‌ವೈಸರ್ ಅನ್ನೋದು. ಅಲ್ಲೇ ಮೂರು ಅವಧಿ, ಅಂದರೆ ಹನ್ನೆರಡು ವರ್ಷ. ಕೌಂಟಿಗೆ ಬರೋ ತನಕ ಅವರಿಗೆ ಅಂಟಿದ್ದ ವಿಶೇಷಣ ಒಂದೇ: "ಮಾಡರೇಟ್ ರಿಪಬ್ಲಿಕನ್".

ನಮ್ಮ ಕಡೆ ಏಣಿ ಒಂದೇ ದಿಕ್ಕಿಗೆ. ಗ್ರಾಮ ಪಂಚಾಯ್ತಿ, ಜಿಲ್ಲಾ ಪಂಚಾಯ್ತಿ, ಎಂಎಲ್‌ಎ, ಮಂತ್ರಿ. ಮಂತ್ರಿಯಾಗಿದ್ದವರು ಜಿಲ್ಲಾ ಪಂಚಾಯ್ತಿಗೆ ನಾಮಪತ್ರ ಹಾಕಿದ್ದನ್ನ ನಾನಂತೂ ಕಂಡಿಲ್ಲ. ಇವರು ಇಳಿದದ್ದು ಯಾಕೆ? ಸೋತು ಸುಣ್ಣವಾಗಿ ಸಿಕ್ಕಿದ್ದಕ್ಕೆ ತೃಪ್ತಿಪಟ್ಟರೋ, ಇಲ್ಲಾ ಅಲ್ಲಿ ನಮಗೆ ಕಾಣದ ಏನೋ ಇದೆಯೋ?

ಹೆದ್ದಾರಿ_17:

ನಾನು ಬೆಟ್ಟದ ಆಚೆಯವನು. ಸಾಂತಾ ಕ್ರೂಜ್ ಕೌಂಟಿಯ ಸ್ಕಾಟ್ಸ್ ವ್ಯಾಲಿಯಲ್ಲಿ ಮನೆ. ಅವರ ಐದನೇ ಜಿಲ್ಲೆಯಲ್ಲೇ (ಕೌಂಟಿ ಮಂಡಳಿಯ ಚುನಾವಣಾ ಕ್ಷೇತ್ರಕ್ಕೆ ಇಲ್ಲಿ ಜಿಲ್ಲೆ ಅಂತಾರೆ) ಇಷ್ಟು ವರ್ಷ ಇದ್ದದ್ದರಿಂದ ಈ ಮಾತಿಗೆ ಸುಮ್ಮನಿರೋಕಾಗಲ್ಲ.

ಮೊದಲು ಹಿನ್ನೆಲೆ. ಮ್ಯಾಕ್‌ಫರ್ಸನ್ ಮನೆತನದವರು ಸಾಂತಾ ಕ್ರೂಜ್ ಸೆಂಟಿನೆಲ್ ಪತ್ರಿಕೆಯನ್ನು ತಲೆಮಾರುಗಳ ಕಾಲ ನಡೆಸಿದವರು. ಇವರೂ ಅಲ್ಲಿ ಸಂಪಾದಕರಾಗಿದ್ದರು. ಹುಟ್ಟಿದ್ದು 1944ರಲ್ಲಿ, ಇದೇ ಊರಲ್ಲಿ. ಊರಿನ ಪತ್ರಿಕೆಯ ಸಂಪಾದಕ ಅಂದ್ರೆ ಯಾರ ಮನೆ ಮುಂದೆ ಚರಂಡಿ ಕಟ್ಟಿದೆ ಅನ್ನೋದರಿಂದ ಹಿಡಿದು ಯಾರಿಗೂ ಯಾರಿಗೂ ಮಾತಿಲ್ಲ ಅನ್ನೋದರ ತನಕ ಗೊತ್ತಿರುತ್ತೆ. ರಾಜಕೀಯಕ್ಕೆ ಬರೋ ಹೊತ್ತಿಗೆ ವಯಸ್ಸು ಐವತ್ತರ ಹತ್ತಿರ.

ಅವರು ಅಸೆಂಬ್ಲಿಗೆ ಹೋದ ದಾರಿಯೂ ಮಜವಾಗಿದೆ. 1993ರಲ್ಲಿ ಕ್ಲಿಂಟನ್ ಈ ಭಾಗದ ಸಂಸದ ಲಿಯಾನ್ ಪನೆಟ್ಟಾ ಅವರನ್ನ ವಾಷಿಂಗ್ಟನ್ನಿಗೆ ಬಜೆಟ್ ನೋಡಿಕೊಳ್ಳೋಕೆ ಕರೆಸಿಕೊಂಡರು. ಪನೆಟ್ಟಾ ಸೀಟಿಗೆ ಅಸೆಂಬ್ಲಿಯಲ್ಲಿದ್ದ ಸ್ಯಾಮ್ ಫಾರ್ ಹೋದರು. ಫಾರ್ ಖಾಲಿ ಮಾಡಿದ ಸೀಟು ಇವರಿಗೆ. ಬಸ್ಸಲ್ಲಿ ಮುಂದಿನವರು ಇಳಿದಾಗ ಒಬ್ಬೊಬ್ಬರೇ ಸೀಟು ಬದಲಾಯಿಸಿದ ಹಾಗೆ. ಆದ್ರೆ ಒಂದು ಗಮನಿಸಿ: ಸಾಂತಾ ಕ್ರೂಜ್ ಅಂದ್ರೆ ಡೆಮಾಕ್ರಟರ ಕೋಟೆ, ವಿಶ್ವವಿದ್ಯಾಲಯದ ಊರು. ಅಲ್ಲಿ ರಿಪಬ್ಲಿಕನ್ ಚೀಟಿ ಹಿಡಿದು ಗೆಲ್ಲಬೇಕಾದ್ರೆ ಎದುರು ಪಕ್ಷದವರು ಸಾಲು ಸಾಲಾಗಿ ನಿಮಗೆ ಓಟು ಹಾಕಬೇಕು. ಗರ್ಭಪಾತದ ಹಕ್ಕಿನ ಪರ ನಿಲ್ಲೋ ರಿಪಬ್ಲಿಕನ್ ಆಗಿದ್ದದ್ದಕ್ಕೇ ಅದು ಸಾಧ್ಯವಾದದ್ದು.

ಹಿಂಬಡ್ತಿ ಅನ್ನೋ ಮಾತಿಗೆ ಆಮೇಲೆ ಬರ್ತೀನಿ. ಮಗಳನ್ನ ಈಜಿಗೆ ಬಿಡಬೇಕು.

ಜೋಳದರೊಟ್ಟಿ:

ಮಾಡರೇಟ್ ಅಂದ್ರ ಏನ್ರೀ? ನಮ್ಮ ಸಾಲಿ ಪುಸ್ತಕದಾಗ ಮಂದಗಾಮಿ ಅಂತ ಇತ್ತು, ಗೋಖಲೆಯವರ ಪಾಠದಾಗ. ನಮ್ಮ ಮಾಸ್ತರು "ಮಂದಗಾಮಿ ಅಂದ್ರ ಮೆಲ್ಲಕ ಹೋಗಾಂವ" ಅಂತ ಹೇಳಿದ್ರು. ಈಗಿನ ಕಾಲದಾಗ ಮಂದಗಾಮಿ ಅಂದ್ರ ಎರಡೂ ದೋಣ್ಯಾಗ ಒಂದೊಂದು ಕಾಲಿಟ್ಟಾಂವ ಅಂತ ಅರ್ಥ. ರಿಪಬ್ಲಿಕನ್ ಅಂತ ಬೋರ್ಡ್ ಹಾಕ್ಕೊಳ್ಳೋದು, ಊರಾಗ ಡೆಮಾಕ್ರಟರ ಮಾತು ಆಡೋದು. 2012ರಾಗ ಆ ಬೋರ್ಡೂ ತಗದು "ಯಾವ ಪಕ್ಷನೂ ಅಲ್ಲ" ಅಂತ ಬರೆಸಿದರಂತ ಓದೇನಿ. ಇಪ್ಪತ್ತು ವರ್ಷ ಇದ್ದ ಪಕ್ಷ ಚುನಾವಣಿ ವರ್ಷದಾಗೇ ಬ್ಯಾಡಾತೇನು?

ಸಂಪಿಗೆಮರ:

ರೊಟ್ಟಿ ಅವರೇ, ಕೌಂಟಿ ಚುನಾವಣೆಯಲ್ಲಿ ಬೋರ್ಡೇ ಇರಲ್ಲ! ಕ್ಯಾಲಿಫೋರ್ನಿಯಾದ ಸಂವಿಧಾನದ ಪ್ರಕಾರ ಕೌಂಟಿ, ನಗರ, ಶಾಲಾ ಮಂಡಳಿ ಎಲ್ಲವೂ ಪಕ್ಷರಹಿತ. ಮತಪತ್ರದಲ್ಲಿ ಹೆಸರು, ಕಸುಬು ಅಷ್ಟೇ ಇರುತ್ತೆ. ಪಕ್ಷ ಬಿಟ್ಟದ್ದರಿಂದ ಮತಪತ್ರದಲ್ಲಿ ಅವರಿಗೆ ಬಂದ ಲಾಭ ಏನೂ ಇಲ್ಲ.

ಜೋಳದರೊಟ್ಟಿ:

ಮತಪತ್ರದಾಗ ಇರಲಿಕ್ಕಿಲ್ಲ. ಮಂದಿ ತಲ್ಯಾಗ ಇರ್ತದಲ್ರೀ ಅಕ್ಕಾರ.

ಸಂಪಿಗೆಮರ:

ಅದು ಒಪ್ಪಿದೆ.

ಗ್ರಾಮಸಭೆ:

ನಾನು ಶಿವಮೊಗ್ಗದವನು. ಪಂಚಾಯತ್ ರಾಜ್ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಮಗನ ಮನೆಗೆಂದು ಆರಾರು ತಿಂಗಳು ಸ್ಯಾನ್ ಹೋಸೆಗೆ ಬಂದು ಹೋಗುತ್ತೇನೆ. ಕೆಲಸವಿಲ್ಲದ್ದರಿಂದ ಇಲ್ಲಿನ ಕೌಂಟಿ ಸಭೆಗಳನ್ನು ಕಂಪ್ಯೂಟರಿನಲ್ಲಿ ನೋಡುವ ಚಟ ಹತ್ತಿದೆ. ಮಗ ನಗುತ್ತಾನೆ.

"ಎರಡು ದೋಣಿ" ಎಂಬ ಆರೋಪ ನಮ್ಮ ಕಣ್ಣಿನಿಂದ ನೋಡಿದ್ದು. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ವಿಪ್ ಕೊಟ್ಟ ಮೇಲೆ ಶಾಸಕನು ಅದಕ್ಕೆ ವಿರುದ್ಧವಾಗಿ ಮತ ಹಾಕಿದರೆ ಶಾಸಕ ಸ್ಥಾನವೇ ಹೋಗಬಹುದು. ಆದ್ದರಿಂದ ನಮ್ಮಲ್ಲಿ ಮಂದಗಾಮಿ ಶಾಸಕ ಎಂದರೆ ಸೌಮ್ಯವಾಗಿ ಮಾತಾಡುವವನು ಎಂದಷ್ಟೇ. ಅವನ ಮತ ಮೊದಲೇ ಪಕ್ಷದ ಜೇಬಿನಲ್ಲಿ. ಇಲ್ಲಿ ಹಾಗಲ್ಲ. ಒಂದೊಂದು ಮತಕ್ಕೂ ಬೆಲೆಯಿದೆ, ಅದರಲ್ಲೂ ಮ್ಯಾಕ್‌ಫರ್ಸನ್ ಇದ್ದ ಕಾಲದಲ್ಲಿ ಭಾರಿ ಬೆಲೆ.

ಕಾರಣ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ 2010ರವರೆಗೆ ಬಜೆಟ್ ಪಾಸಾಗಲು ಮೂರನೇ ಎರಡರಷ್ಟು ಬಹುಮತ ಬೇಕಿತ್ತು. ಡೆಮಾಕ್ರಟರಿಗೆ ಬಹುಮತವಿದ್ದರೂ ಮೂರನೇ ಎರಡರಷ್ಟು ಇರಲಿಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಎದುರು ಪಕ್ಷದ ನಾಲ್ಕೈದು ಜನರನ್ನು ಹುಡುಕಿಕೊಂಡು ಹೋಗಬೇಕು. ಆ ನಾಲ್ಕೈದು ಜನವೇ ಈ ಮಧ್ಯದವರು. ಮ್ಯಾಕ್‌ಫರ್ಸನ್ ಬಿಟ್ಟ ಸೆನೆಟ್ ಸೀಟಿಗೆ ಬಂದ ಏಬಲ್ ಮಾಲ್ಡೊನಾಡೊ ಇನ್ನೊಬ್ಬ ಮಧ್ಯದ ರಿಪಬ್ಲಿಕನ್. 2009ರ ಫೆಬ್ರುವರಿಯಲ್ಲಿ ಬಜೆಟ್ಟಿಗೆ ತನ್ನ ಮತ ಬೇಕಾದರೆ ಪ್ರಾಥಮಿಕ ಚುನಾವಣೆಯ ಪದ್ಧತಿಯನ್ನೇ ಬದಲಿಸುವ ಪ್ರಸ್ತಾಪ ಜನರ ಮುಂದೆ ಹೋಗಬೇಕು ಎಂದು ಪಟ್ಟು ಹಿಡಿದ. ಅದೇ ಪ್ರೊಪೊಸಿಷನ್ 14. 2010ರ ಜೂನ್‌ನಲ್ಲಿ ಜನ ಒಪ್ಪಿದರು. ಯಾವ ಪಕ್ಷದವರೇ ಆಗಲಿ ಮೊದಲ ಇಬ್ಬರು ಅಂತಿಮ ಸುತ್ತಿಗೆ ಹೋಗುವ ಇಂದಿನ ವ್ಯವಸ್ಥೆ ಹುಟ್ಟಿದ್ದು ಒಬ್ಬನ ಒಂದು ಮತದಿಂದ.

ಮಜಾ ಎಂದರೆ ಅದೇ ವರ್ಷ ನವೆಂಬರ್‌ನಲ್ಲಿ ಪ್ರೊಪೊಸಿಷನ್ 25 ಬಂತು. ಬಜೆಟ್ಟಿಗೆ ಸರಳ ಬಹುಮತ ಸಾಕು ಎಂದಾಯಿತು. ತೆರಿಗೆ ಹೆಚ್ಚಿಸಲು ಮಾತ್ರ ಮೂರನೇ ಎರಡು ಉಳಿಯಿತು. ಅಲ್ಲಿಗೆ ಮಧ್ಯದವರ ಅಂಗಡಿಯಲ್ಲಿ ವ್ಯಾಪಾರ ಇಳಿಯಿತು.

ಮಾವಿನತೋಪು:

ಗ್ರಾಮಸಭೆ ಸರ್, ಇದು ನನಗೆ ಹೊಸದು. ಅಂದ್ರೆ 2012ರ ಹೊತ್ತಿಗೆ ರಾಜಧಾನಿ ಸ್ಯಾಕ್ರಮೆಂಟೊಗೆ ವಾಪಸ್ ಹೋಗಿದ್ರೂ ಇವರಂಥವರಿಗೆ ಹಳೇ ಕಿಮ್ಮತ್ತು ಇರ್ತಿರಲಿಲ್ಲ ಅಂತಲಾ?

ಗ್ರಾಮಸಭೆ:

ಹೋಗಲು ಹೆಚ್ಚು ದಾರಿಯೂ ಇರಲಿಲ್ಲ. 1990ರ ಪ್ರೊಪೊಸಿಷನ್ 140 ಪ್ರಕಾರ ಅವರ ಕಾಲದವರಿಗೆ ಅಸೆಂಬ್ಲಿಯಲ್ಲಿ ಎರಡು ವರ್ಷದ ಮೂರು ಅವಧಿ, ಸೆನೆಟ್‌ನಲ್ಲಿ ನಾಲ್ಕು ವರ್ಷದ ಎರಡು ಅವಧಿ, ಅಷ್ಟೇ ಇದ್ದದ್ದು, ಜೀವಮಾನಕ್ಕೆ. ಅವರ ಸೆನೆಟ್ ಕೋಟಾ 2004ಕ್ಕೆ ಮುಗಿದಿತ್ತು. ಈ ಮಿತಿಯಿಂದ ಇಲ್ಲಿ ಅನುಭವಸ್ಥರು ಬಾವಿಯ ರಾಟೆಯ ಕೊಡಗಳ ಹಾಗೆ ಮೇಲೆ ಹೋಗುತ್ತಾರೆ, ಕೆಳಗೆ ಬರುತ್ತಾರೆ. 2012ರಲ್ಲೇ ನೋಡಿ: ಐದನೇ ಜಿಲ್ಲೆಯ ಸೂಪರ್‌ವೈಸರ್ ಆಗಿದ್ದ ಮಾರ್ಕ್ ಸ್ಟೋನ್ ಅಸೆಂಬ್ಲಿಗೆ ಹೋದರು, ಅವರ ಕುರ್ಚಿಗೆ ಒಂದು ಕಾಲದ ಅಸೆಂಬ್ಲಿ ಸದಸ್ಯ ಮ್ಯಾಕ್‌ಫರ್ಸನ್ ಬಂದರು.

ಹೆದ್ದಾರಿ_17:

ಅದೇ ಊರಿನ ಫ್ರೆಡ್ ಕೀಲಿ ಇನ್ನೂ ಒಳ್ಳೇ ಉದಾಹರಣೆ. ಸೂಪರ್‌ವೈಸರ್ ಆಗಿದ್ದರು, 1996ರಲ್ಲಿ ಮ್ಯಾಕ್‌ಫರ್ಸನ್ ಬಿಟ್ಟ ಅಸೆಂಬ್ಲಿ ಸೀಟಿಗೆ ಹೋದರು, ಆಮೇಲೆ ಕೌಂಟಿ ಖಜಾಂಚಿ ಆದರು, 2022ರಲ್ಲಿ ಸಾಂತಾ ಕ್ರೂಜ್ ನಗರದ ಮೇಯರ್. ಇವರು ಡೆಮಾಕ್ರಟ್. ಯಾರೂ "ಪಾಪ" ಅನ್ನಲಿಲ್ಲ.

ಕಡಲತಡಿ:

ಎಲ್ಲರೂ ಒಂದು ಅಧ್ಯಾಯ ಹಾರಿಸಿ ಹೋಗ್ತಾ ಇದ್ದೀರಿ ಮಾರಾಯ್ರೆ. 2005ರಿಂದ 2006ರ ಸೆಕ್ರೆಟರಿ ಆಫ್ ಸ್ಟೇಟ್ ಕೆಲಸ. ಅದೇ ಅವರ ಬದುಕಿನ ದೊಡ್ಡ ತಿರುವು ಅಂತ ನನಗೆ ಕಾಣ್ತದೆ.

ಆಗ ಆ ಹುದ್ದೆಯಲ್ಲಿ ಕೆವಿನ್ ಶೆಲ್ಲಿ ಅಂತ ಡೆಮಾಕ್ರಟ್ ಇದ್ದರು. ಚುನಾವಣೆ ಸುಧಾರಣೆಗೆ ಕೇಂದ್ರದಿಂದ ಬಂದ ಹಣದ ಬಳಕೆ ಬಗ್ಗೆ ತನಿಖೆ, ಆರೋಪ ಎಲ್ಲ ಎದ್ದು ರಾಜೀನಾಮೆ ಕೊಟ್ಟರು. ಗವರ್ನರ್ ಶ್ವಾರ್ಜ್‌ನೆಗರ್ ತಮ್ಮ ಪಕ್ಷದವರನ್ನು ಹಾಕಬೇಕು, ಒಪ್ಪಿಗೆ ಕೊಡಬೇಕಾದ್ದು ಡೆಮಾಕ್ರಟರ ಬಹುಮತದ ಸದನ. ಯಾರನ್ನು ಹಾಕಿದರೂ ಜಗಳವೇ. ಮ್ಯಾಕ್‌ಫರ್ಸನ್ ಹೆಸರು ಹೋದದ್ದೇ ಎರಡೂ ಸದನದಲ್ಲಿ ಒಂದೇ ಒಂದು ವಿರೋಧ ಮತ ಇಲ್ಲದೆ ಪಾಸಾಯಿತು. ಎದುರು ಪಕ್ಷದವರೂ ಒಬ್ಬರೂ ಬಿಡದೆ "ಈ ಮನುಷ್ಯ ಪರವಾಗಿಲ್ಲ" ಅಂದದ್ದು ಸಣ್ಣ ಸಂಗತಿಯಾ? ರೊಟ್ಟಿಯವರಿಗೆ ಎರಡು ದೋಣಿ ಕಂಡಲ್ಲಿ ನನಗೆ ಸೇತುವೆ ಕಾಣ್ತದೆ.

ಆದರೆ ಮುಂದಿನದ್ದನ್ನೂ ಹೇಳಬೇಕು. 2006ರ ಫೆಬ್ರುವರಿಯಲ್ಲಿ ಡೀಬೋಲ್ಡ್ ಕಂಪನಿಯ ಮತಯಂತ್ರಗಳಿಗೆ ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ಕಂಪ್ಯೂಟರ್ ಸುರಕ್ಷತೆಯ ಜನ ಕೆಂಡಾಮಂಡಲ. ನಮ್ಮ ಇವಿಎಂ ಗಲಾಟೆ ಉಂಟಲ್ಲ, ಅದಕ್ಕಿಂತ ಏನೂ ಕಮ್ಮಿ ಇಲ್ಲ. ಆ ನವೆಂಬರ್‌ನಲ್ಲಿ ಎದುರು ನಿಂತ ಸೆನೆಟರ್ ಡೆಬ್ರಾ ಬೋವೆನ್ ಇದನ್ನೇ ದೊಡ್ಡದು ಮಾಡಿ ಗೆದ್ದರು. ಅಂತರ ದೊಡ್ಡದಲ್ಲ, ಶೇಕಡಾ ಮೂರರ ಆಸುಪಾಸು. ಗೆದ್ದ ಮೇಲೆ 2007ರಲ್ಲಿ ಎಲ್ಲ ಯಂತ್ರಗಳನ್ನು ಬುಡದಿಂದ ತಲೆತನಕ ಪರೀಕ್ಷೆ ಮಾಡಿಸಿ, ಹಲವಕ್ಕೆ ಇದ್ದ ಮಾನ್ಯತೆ ತೆಗೆದು, ಬಿಗಿ ಷರತ್ತಿನ ಮೇಲೆ ಮಾತ್ರ ಮತ್ತೆ ಕೊಟ್ಟರು.

ಮಧ್ಯದ ಮನುಷ್ಯನ ಕಷ್ಟ ಇದುವೇ. "ಷರತ್ತಿನ ಮೇಲೆ ಒಪ್ಪಿಗೆ" ಅನ್ನುವುದು ಕಚೇರಿಯಲ್ಲಿ ಬುದ್ಧಿವಂತಿಕೆ, ಪ್ರಚಾರದ ವೇದಿಕೆಯಲ್ಲಿ ಎಡವಟ್ಟು. ಹೌದು ಅಂದವನಿಗೆ ಚಪ್ಪಾಳೆ, ಇಲ್ಲ ಅಂದವನಿಗೂ ಚಪ್ಪಾಳೆ. "ಆಗಬಹುದು, ಆದರೆ..." ಅಂದವನಿಗೆ ಯಾರು ತಟ್ಟುತ್ತಾರೆ?

ಜೋಳದರೊಟ್ಟಿ:

ಸೇತುವಿ ಮಾತು ಛಲೋ ಐತಿ. ಅದಾದ್ರೂ ಸೇತುವಿ ಮ್ಯಾಲೆ ಯಾರೂ ಮನಿ ಕಟ್ಟಂಗಿಲ್ಲ ನೋಡ್ರಿ.

ಮಾವಿನತೋಪು:

ರೊಟ್ಟಿ ಸಾಹೇಬ್ರು ಫಾರ್ಮ್‌ನಲ್ಲಿದ್ದಾರೆ 😄

ಗಂಧದಗುಡಿಯವಳಲ್ಲ:

ಲಾಸ್ ಏಂಜಲೀಸ್‌ನಿಂದ. ಸೂಪರ್‌ವೈಸರ್ ಅಂದ್ರೆ ಕೆಳಗಿನ ಹುದ್ದೆ ಅನ್ನೋರು ಒಂದ್ಸಲ ನಮ್ಮ ಕೌಂಟಿ ನೋಡಿ. ಒಂದು ಕೋಟಿ ಹತ್ತಿರ ಜನಸಂಖ್ಯೆ, ಐದೇ ಸೂಪರ್‌ವೈಸರ್‌ಗಳು. ತಲೆಗೆ ಇಪ್ಪತ್ತು ಲಕ್ಷ. ಸೆನೆಟರ್‌ಗಿಂತ, ವಾಷಿಂಗ್ಟನ್ನಿನ ಸಂಸದರಿಗಿಂತ ಎರಡು ಪಟ್ಟು ಜನ. ಕಾನೂನು ಮಾಡೋದೂ ಅವರೇ, ಆಡಳಿತ ಮಾಡೋದೂ ಅವರೇ. ಪಾಳೇಗಾರರೇ ಸರಿ. ಹಿಲ್ಡಾ ಸೋಲಿಸ್ ಸ್ಟೇಟ್ ಸೆನೆಟರ್ ಆಗಿ, ಸಂಸದೆಯಾಗಿ, ಒಬಾಮಾ ಸಂಪುಟದಲ್ಲಿ ಕಾರ್ಮಿಕ ಮಂತ್ರಿಯಾಗಿ, 2014ರಲ್ಲಿ ಇಲ್ಲಿ ಸೂಪರ್‌ವೈಸರ್ ಆದ್ರು. ಶೀಲಾ ಕ್ಯೂಲ್, ಹಾಲಿ ಜೆ. ಮಿಚೆಲ್ ಇಬ್ಬರೂ ಸೆನೆಟ್‌ನಿಂದ ಬಂದವರೇ. ಕೇಂದ್ರ ಮಂತ್ರಿಯಿಂದ ಸೂಪರ್‌ವೈಸರ್! ಮಾವಿನತೋಪು ಅವರ ಅಮ್ಮನಿಗೆ ಇದನ್ನ ಹೇಳಬೇಡಿ, ಗಾಬರಿ ಆಗ್ತಾರೆ.

2024ರಲ್ಲಿ ಜನ ಮೆಷರ್ ಜಿ ಪಾಸು ಮಾಡಿ ಐದನ್ನ ಒಂಬತ್ತು ಮಾಡೋಕೆ ಒಪ್ಪಿದ್ದಾರೆ. ಕೌಂಟಿಗೆ ಚುನಾಯಿತ ಮುಖ್ಯಸ್ಥರೂ ಬರ್ತಾರೆ.

ಗ್ರಾಮಸಭೆ:

ಲಾಸ್ ಏಂಜಲೀಸ್ ಲೆಕ್ಕವೇ ಬೇರೆ ತಾಯಿ. ಸಾಂತಾ ಕ್ರೂಜ್ ಚಿಕ್ಕದು. 2020ರ ಗಣತಿಯಲ್ಲಿ 2,70,861 ಜನ. ನಮ್ಮ ಕರ್ನಾಟಕದ 2011ರ ಜನಸಂಖ್ಯೆಯನ್ನು 224 ಕ್ಷೇತ್ರಗಳಿಗೆ ಹಂಚಿದರೆ ಒಂದಕ್ಕೆ 2.7 ಲಕ್ಷ ಬರುತ್ತದೆ. ಅಂದರೆ ಇಡೀ ಸಾಂತಾ ಕ್ರೂಜ್ ಕೌಂಟಿ ನಮ್ಮ ಒಂದು ವಿಧಾನಸಭಾ ಕ್ಷೇತ್ರದಷ್ಟು. ಅದನ್ನು ಐದು ಭಾಗ ಮಾಡಿದರೆ ತಲೆಗೆ 54 ಸಾವಿರ. ನಮ್ಮ ಜಿಲ್ಲಾ ಪಂಚಾಯತ್ ಕ್ಷೇತ್ರಕ್ಕಿಂತ ಸ್ವಲ್ಪ ದೊಡ್ಡದು. ಸೆನೆಟರ್ ಆಗಿದ್ದಾಗ ಮ್ಯಾಕ್‌ಫರ್ಸನ್ ಪ್ರತಿನಿಧಿಸುತ್ತಿದ್ದದ್ದು ಸುಮಾರು ಎಂಟೂವರೆ ಲಕ್ಷ ಜನರನ್ನು. ಆದ್ದರಿಂದ ಜನಸಂಖ್ಯೆಯ ಲೆಕ್ಕದಲ್ಲಿ ಹಿಂಬಡ್ತಿಯೇ, ಸಂದೇಹವಿಲ್ಲ.

ಅಧಿಕಾರದ ಲೆಕ್ಕ ಬೇರೆ. ಸೆನೆಟ್‌ನಲ್ಲಿ ನಲವತ್ತರಲ್ಲಿ ಒಬ್ಬ, ಅದೂ ಅಲ್ಪಸಂಖ್ಯಾತ ಪಕ್ಷದಲ್ಲಿ. ಕೌಂಟಿಯಲ್ಲಿ ಐವರಲ್ಲಿ ಒಬ್ಬ. ಜತೆಗಿಬ್ಬರು ಒಪ್ಪಿದರೆ ಕೆಲಸ ಆಯಿತು. ಸಾರ್ವಜನಿಕ ಆರೋಗ್ಯ, ಜೈಲು, ರಸ್ತೆ, ಮಾನಸಿಕ ಆರೋಗ್ಯ, ಮನೆ ಕಟ್ಟುವ ಪರವಾನಗಿ ಎಲ್ಲ ಇವರ ಕೈಗೇ ಬರುತ್ತದೆ. ಆ ಕೌಂಟಿಯಲ್ಲಿ ಹೆಚ್ಚುಕಡಿಮೆ ಅರ್ಧ ಜನ ಯಾವ ನಗರಸಭೆಗೂ ಸೇರದ ಜಾಗದಲ್ಲಿದ್ದಾರೆ. ಅವರಿಗೆ ಕೌಂಟಿಯೇ ಪಂಚಾಯ್ತಿ, ಕೌಂಟಿಯೇ ಪುರಸಭೆ.

ನಮ್ಮಲ್ಲಿ ಇದೇ ಇಲ್ಲದ್ದು. 1993ರ ಕಾಯ್ದೆ ಮಾಡಿದೆವು, ಕಾಗದದ ಮೇಲೆ ಅಧಿಕಾರ ಕೊಟ್ಟೆವು. ಜಿಲ್ಲಾ, ತಾಲ್ಲೂಕು ಪಂಚಾಯತ್‌ಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಅಧಿಕಾರಿಗಳ ಕೈಯಲ್ಲಿ ನಡೆದವು. ಎಂಎಲ್‌ಎ ಆದವನು ಅಲ್ಲಿಗೆ ಯಾಕೆ ಹೋಗುತ್ತಾನೆ ಎನ್ನುವುದಕ್ಕಿಂತ, ಹೋಗಲು ಅಲ್ಲಿ ಏನಿದೆ ಎಂದು ಕೇಳಬೇಕು. ಕ್ಷಮಿಸಿ, ಹಳೇ ಇಲಾಖೆಯ ಹೊಟ್ಟೆಯುರಿ. ವಿಷಯಕ್ಕೆ ಬನ್ನಿ.

ಹೆದ್ದಾರಿ_17:

ಮಗಳ ಈಜು, ಹೋಂವರ್ಕು ಎಲ್ಲ ಮುಗೀತು. ಈಗ ಕೂತು ಬರೀತೀನಿ.

ಹನ್ನೆರಡು ವರ್ಷದಲ್ಲಿ ಅವರು ಮಾಡಿದ್ದರಲ್ಲಿ ಎರಡು ನನಗೆ ಮುಖ್ಯ. ಒಂದು ಕರೆಂಟು, ಒಂದು ಬೆಂಕಿ.

ಕರೆಂಟಿನದು ಚಿಕ್ಕದಾಗಿ ಹೇಳ್ತೀನಿ. 2002ರಲ್ಲಿ, ಇವರು ಸೆನೆಟ್‌ನಲ್ಲಿದ್ದಾಗಲೇ, ಊರೂರಿನವರು ಒಟ್ಟಾಗಿ ತಾವೇ ವಿದ್ಯುತ್ ಕೊಳ್ಳಬಹುದು ಅಂತ ಕಾನೂನು ಬಂತು. ಕಂಬ, ತಂತಿ, ಬಿಲ್ಲು ಎಲ್ಲ ಪಿಜಿ ಅಂಡ್ ಇ ಕಂಪನಿಯದೇ, ಆದ್ರೆ ಕರೆಂಟು ಎಲ್ಲಿಂದ ಕೊಳ್ಳಬೇಕು ಅನ್ನೋದು ಊರಿನವರ ತೀರ್ಮಾನ. ಮರಿನ್ ಕೌಂಟಿ 2010ರಲ್ಲಿ ಮೊದಲು ಶುರು ಮಾಡ್ತು. ನಮ್ಮ ಕಡೆ ಇದನ್ನ ತರೋಕೆ ಮುಂದೆ ನಿಂತವರು ಮ್ಯಾಕ್‌ಫರ್ಸನ್. ಸಾಂತಾ ಕ್ರೂಜ್, ಮಾಂಟೆರೆ, ಸ್ಯಾನ್ ಬೆನಿಟೊ ಮೂರು ಕೌಂಟಿ, ಅವುಗಳ ನಗರಗಳು, ಒಂದು ಕಡೆ ಹಿಪ್ಪಿಗಳು, ಇನ್ನೊಂದು ಕಡೆ ಲೆಟಿಸ್ ಬೆಳೆಯೋ ದೊಡ್ಡ ರೈತರು. ಇವರನ್ನೆಲ್ಲ ಒಂದೇ ಮೇಜಿಗೆ ಕೂರಿಸೋದು ಅಂದ್ರೆ ಕಪ್ಪೆ ತಕ್ಕಡಿ. 2018ರ ಮಾರ್ಚ್‌ನಲ್ಲಿ ಶುರುವಾಯ್ತು. ಈಗ ಅದರ ಹೆಸರು ಸೆಂಟ್ರಲ್ ಕೋಸ್ಟ್ ಕಮ್ಯುನಿಟಿ ಎನರ್ಜಿ, ದಕ್ಷಿಣಕ್ಕೆ ಸಾಂತಾ ಬಾರ್ಬರಾ ಕಡೆಗೂ ಹಬ್ಬಿದೆ. ರೈತರ ಜತೆಗೂ ಪರಿಸರದವರ ಜತೆಗೂ ಸಲಿಗೆಯಿದ್ದ ಮಾಜಿ ಸೆನೆಟರ್ ಇಲ್ಲದಿದ್ರೆ ಇದು ಇನ್ನೆಷ್ಟು ವರ್ಷ ಹಿಡೀತಿತ್ತೋ. ಇದು ನನ್ನ ಅಂದಾಜು ಅಷ್ಟೇ, ತಕರಾರಿದ್ರೆ ಹೇಳಿ.

ಇನ್ನು ಬೆಂಕಿ. 2020ರ ಆಗಸ್ಟ್ 16ರ ಬೆಳಗಿನ ಜಾವ. ಇಲ್ಲಿ ಬೇಸಿಗೆಯಲ್ಲಿ ಗುಡುಗೇ ಇರಲ್ಲ, ಅವತ್ತು ಮಳೆಯಿಲ್ಲದ ಸಿಡಿಲು. ಕಿಟಕಿ ಪಕ್ಕ ನಿಂತು "ನಮ್ಮೂರ ಮುಂಗಾರು ಮೊದಲ ಮಳೆ ಥರ ಇದೆ" ಅಂತ ವಿಡಿಯೊ ಮಾಡಿ ತಂಗಿಗೆ ಕಳಿಸಿದ್ದೆ. ಮೂರು ದಿನದೊಳಗೆ ಅದೇ ಆಕಾಶ ಕಿತ್ತಳೆ ಬಣ್ಣ, ಕಾರಿನ ಮೇಲೆ ಬೂದಿ. ಸಿಝಡ್‌ಯು ಬೆಂಕಿ ಅಂತಾರೆ. 86,509 ಎಕರೆ ಸುಡ್ತು. ಸುಮಾರು 77,000 ಜನ ಮನೆ ಬಿಟ್ಟರು. ಸಾಂತಾ ಕ್ರೂಜ್ ಕೌಂಟಿ ಒಂದರಲ್ಲೇ 911 ಮನೆ ಹೋದವು. ಒಬ್ಬರು ತೀರಿಕೊಂಡರು. 1902ರಲ್ಲಿ ಶುರುವಾದ, ಕ್ಯಾಲಿಫೋರ್ನಿಯಾದ ಮೊತ್ತಮೊದಲ ರಾಜ್ಯ ಉದ್ಯಾನ ಬಿಗ್ ಬೇಸಿನ್‌ನಲ್ಲಿ ಒಂದು ಕಟ್ಟಡವೂ ನೆಟ್ಟಗೆ ಉಳೀಲಿಲ್ಲ ಅನ್ನೋ ಹಾಗಾಯ್ತು. ರೆಡ್‌ವುಡ್ ಮರಗಳು ಮಾತ್ರ ಕರಿ ಕಂಬದ ಹಾಗೆ ನಿಂತು, ಮುಂದಿನ ವರ್ಷ ಮೈತುಂಬ ಹಸಿರು ಮೀಸೆ ಬಿಟ್ಟವು.

ಸುಟ್ಟ ಮನೆಗಳಲ್ಲಿ ದೊಡ್ಡ ಪಾಲು ಸ್ಯಾನ್ ಲೊರೆಂಜೊ ಕಣಿವೆಯದು. ಬೌಲ್ಡರ್ ಕ್ರೀಕ್, ಬೆನ್ ಲೊಮಂಡ್, ಆ ಬೆಟ್ಟದ ಸಾಲು. ಅದು ಇವರ ಜಿಲ್ಲೆ. ಆಗ ಇವರಿಗೆ 76 ವರ್ಷ.

ನನ್ನ ಮಾತು ಇಷ್ಟೇ. ಸೆನೆಟರ್ ಆಗಿದ್ದಿದ್ರೆ ಬೆಂಕಿ ಬಿದ್ದ ಜಾಗಕ್ಕೆ ಬಂದು, ಒಂದು ಮಸೂದೆ ಮಂಡಿಸಿ ಹೋಗಬಹುದಿತ್ತು. ಸೂಪರ್‌ವೈಸರ್‌ಗೆ ಹಾಗೆ ಹೋಗೋಕೆ ಜಾಗ ಇಲ್ಲ. ಮನೆ ಸುಟ್ಟುಕೊಂಡವರು ಎರಡೇ ವಾರಕ್ಕೆ ಕೇಳೋದು "ಬೂದಿ ಯಾರು ತೆಗೀತಾರೆ? ನೀರಿನ ಪೈಪ್ ಕರಗಿದೆ, ಯಾವಾಗ ಹಾಕ್ತೀರಿ?" ಅಂತ. ಎರಡು ವರ್ಷಕ್ಕೆ "ಪರವಾನಗಿ ಯಾವಾಗ?" ಅಂತ.

ಜೋಳದರೊಟ್ಟಿ:

ಮತ್ತ ಪರವಾನಗಿ ಕೊಟ್ರೇನು? ಇಲ್ಲೇ ನಿಮ್ಮ ಹೀರೋ ಕಥಿ ಮುಗೀತದ. ನಾಲ್ಕು ವರ್ಷ ಕಳದ್ರೂ ಸುಟ್ಟ ಮನ್ಯಾಗ ಬಹುಪಾಲು ಎದ್ದಿರಲಿಲ್ಲ. ಇದು ಎಲ್ಲಾ ಪತ್ರಿಕ್ಯಾಗ ಬಂದ ಮಾತು. ಸೇತುವಿ ಕಟ್ಟೋ ಮನಿಷ್ಯಾ ಒಂದು ಫೈಲ್ ದಾಟಿಸಲಿಲ್ಲಂದ್ರ ಏನು ಉಪಯೋಗ?

ಹೆದ್ದಾರಿ_17:

ಈ ಏಟು ಸರಿಯಾಗೇ ಬಿತ್ತು. ಮುಚ್ಚಿಡಲ್ಲ.

ಕೌಂಟಿಯವರು ಹೊಸ ಪುನರ್ವಸತಿ ಕಚೇರಿ ತೆರೆದರು, ಬೆಂಕಿ ಸಂತ್ರಸ್ತರಿಗೇ ಬೇರೆ ಪರವಾನಗಿ ಕೇಂದ್ರ ಮಾಡಿ ಹೊರಗಿನ ಸಂಸ್ಥೆಗೆ ಕೆಲಸ ಕೊಟ್ಟರು. ಆದರೂ ನಿಧಾನ. ಯಾಕೆ ಅಂದ್ರೆ ಆ ಬೆಟ್ಟದ ಮನೆಗಳು ಬಹಳಷ್ಟು ಹಳೇ ಬೇಸಿಗೆ ಗುಡಿಸಲುಗಳು. ಒಂದು ಕೋಣೆ ಅಪ್ಪ ಕಟ್ಟಿದ್ದು, ಇನ್ನೊಂದು ಮಗ ಸೇರಿಸಿದ್ದು, ಕಾಗದ ಪತ್ರ ಅರ್ಧ ಇಲ್ಲ. ಶೌಚದ ಗುಂಡಿ ಇವತ್ತಿನ ನಿಯಮಕ್ಕೆ ಹೊಂದಲ್ಲ. ಮಣ್ಣು ಜಾರುತ್ತೋ ಅಂತ ಭೂವಿಜ್ಞಾನಿ ವರದಿ ಬೇಕು. ಅಗ್ನಿಶಾಮಕ ವಾಹನ ಹೋಗೋಷ್ಟು ಅಗಲ ರಸ್ತೆ ಬೇಕು. ವಿಮೆ ಹಣ ಇಂದಿನ ಕಟ್ಟೋ ಖರ್ಚಿಗೆ ಅರ್ಧಕ್ಕೂ ಸಾಲದವರು ಎಷ್ಟೋ ಜನ. ಒಂದೊಂದು ನಿಯಮಕ್ಕೂ ಒಂದೊಂದು ನ್ಯಾಯವಾದ ಕಾರಣ ಇದೆ. ಎಲ್ಲ ಸೇರಿದಾಗ ಮನೆ ಏಳಲ್ಲ.

ಇಲ್ಲೇ ಮಧ್ಯಮಮಾರ್ಗಿಯ ಮಿತಿ ಕಾಣೋದು, ರೊಟ್ಟಿ ಅವರೇ. ಎಲ್ಲ ಇಲಾಖೆಯವರ ಮಾತನ್ನೂ ಗೌರವದಿಂದ ಕೇಳೋ ಮನುಷ್ಯ ಒಂದು ಹಂತದಲ್ಲಿ ಮೇಜು ಕುಟ್ಟಿ "ಈ ನಿಯಮ ಇವತ್ತಿಗೆ ಬೇಡ" ಅನ್ನಬೇಕಿತ್ತು ಅನ್ನೋರು ಕಣಿವೆಯಲ್ಲಿ ತುಂಬ ಜನ. ಕುಟ್ಟಿ, 2023ರ ಜನವರಿಯ ಮಳೆಗೆ ಅದೇ ಇಳಿಜಾರು ಕುಸಿದಿದ್ರೆ? ಆ ತಿಂಗಳು ಒಂಬತ್ತನೇ ಹೆದ್ದಾರಿಯಲ್ಲೇ ಮಣ್ಣು ಬಂದು ಕೂತಿತ್ತು. ನನಗೂ ಉತ್ತರ ಗೊತ್ತಿಲ್ಲ.

ಕಡಲತಡಿ:

ಪ್ರಾಮಾಣಿಕ ಉತ್ತರ. ಮೇಜು ಕುಟ್ಟುವವರನ್ನು ನಾವು ಊರಲ್ಲಿ ಬೇಕಾದಷ್ಟು ನೋಡಿದ್ದೇವೆ, ಮೇಜು ಮುರಿದದ್ದೇ ಬಂತು.

ಮಾವಿನತೋಪು:

ಇನ್ನೊಂದು ವಿಷಯ ಓದಿ ಮನಸ್ಸು ಭಾರ ಆಯ್ತು. 2001ರ ನವೆಂಬರ್‌ನಲ್ಲಿ ಅವರ ಮಗನನ್ನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದರೋಡೆಕೋರರು ಕೊಂದರಂತೆ. 27 ವರ್ಷ. ಅದರ ಮುಂದಿನ ವರ್ಷವೇ ರಾಜ್ಯಮಟ್ಟದ ಪ್ರಚಾರಕ್ಕೆ ಇಳಿದಿದ್ದರು. ಹೇಗೆ ನಿಂತರೋ.

ಸಂಪಿಗೆಮರ:

ಹೌದು, ಆಗ ಸುದ್ದಿಯಾಗಿತ್ತು. ಅದರ ಬಗ್ಗೆ ನಾವು ಹೆಚ್ಚು ಮಾತಾಡೋದು ಬೇಡ.

ಬೇರೆ ಮಾತು. ಸನ್ನಿವೇಲ್, ಕ್ಯುಪರ್ಟಿನೊ, ಪಾಲೊ ಆಲ್ಟೊ ಕಡೆ ಇರೋ ನಾವೆಲ್ಲ ಬೆಟ್ಟದ ಆಚೆಗೆ ಯಾಕೆ ಹೋಗಬೇಕು? ನಮ್ಮಲ್ಲೇ ಜೋ ಸಿಮಿಟಿಯನ್ ಇದ್ದರಲ್ಲ! ಪಾಲೊ ಆಲ್ಟೊ ಶಾಲಾ ಮಂಡಳಿ, ನಗರಸಭೆ, ಮೇಯರ್, ಸಾಂತಾ ಕ್ಲಾರಾ ಕೌಂಟಿ ಸೂಪರ್‌ವೈಸರ್, 2000ದಲ್ಲಿ ಅಸೆಂಬ್ಲಿ, 2004ರಲ್ಲಿ ಸೆನೆಟ್, 2012ರಲ್ಲಿ ಮತ್ತೆ ಅದೇ ಸೂಪರ್‌ವೈಸರ್ ಕುರ್ಚಿ. ಡೆಮಾಕ್ರಟ್, ಆದ್ರೆ ಕೂಗಾಡೋ ಪೈಕಿ ಅಲ್ಲ. ಹುಡುಗಿಯರು ಹೋಂವರ್ಕ್ ಮಾಡಿಕೊಂಡು ಬಂದ ಹಾಗೆ ಎಲ್ಲ ಕಾಗದ ಓದಿಕೊಂಡು ಬರೋ ಮನುಷ್ಯ.

ಇವರ ಕಾನೂನುಗಳು ನಿಮ್ಮೆಲ್ಲರ ದಿನಚರಿಯಲ್ಲಿವೆ. 2008ರ ಜುಲೈ 1ರಿಂದ ಕಾರು ಓಡಿಸುವಾಗ ಫೋನ್ ಕಿವಿಗೆ ಹಿಡಿಯೋ ಹಾಗಿಲ್ಲ ಅಂತ ಆಯ್ತಲ್ಲ, ಅದು ಇವರದು. ಹಲವು ವರ್ಷ ಮಂಡಿಸಿ, ಸೋತು, ಮತ್ತೆ ಮಂಡಿಸಿ ಪಾಸು ಮಾಡಿಸಿದ್ದು. "ನಿಮ್ಮ ಮಾಹಿತಿ ಕಳುವಾಗಿರಬಹುದು" ಅಂತ ಕಂಪನಿಗಳಿಂದ ಕಾಗದ ಬರುತ್ತಲ್ಲ, ಅದನ್ನ ಕಡ್ಡಾಯ ಮಾಡಿದ ಕಾನೂನಿನಲ್ಲೂ ಇವರ ಕೈಯಿದೆ. ಮಕ್ಕಳನ್ನ ಕಿಂಡರ್‌ಗಾರ್ಟನ್‌ಗೆ ಮೊದಲು ಟಿಕೆಗೆ (ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್) ಹಾಕ್ತೀವಲ್ಲ, 2010ರಲ್ಲಿ ಆ ಕಾನೂನು ಬರೆದದ್ದೂ ಇವರೇ. ನಮ್ಮತ್ತೆ "ಮಗು ಯಾವ ಕ್ಲಾಸು?" ಅಂದಾಗ "ಟಿಕೆ" ಅಂದೆ. "ಇಷ್ಟು ಚಿಕ್ಕದಕ್ಕೇ ಟೀಕೆನಾ?" ಅಂದರು.

ಹೆದ್ದಾರಿ_17:

😂😂 ನಿಮ್ಮತ್ತೆ, ಮಾವಿನತೋಪು ಅವರ ಅಮ್ಮ ಇಬ್ಬರನ್ನೂ ಈ ವೇದಿಕೆಗೆ ಸೇರಿಸಿ.

ಗಂಧದಗುಡಿಯವಳಲ್ಲ:

"ಜನರೇ ಕಾನೂನು ಸೂಚಿಸಿ" ಅಂತ ಪ್ರತಿ ವರ್ಷ ಸ್ಪರ್ಧೆ ಇಡ್ತಿದ್ದವರು ಅವರೇ ಅಲ್ವಾ? ಗೆದ್ದ ಸಲಹೆಯನ್ನ ಮಸೂದೆ ಮಾಡ್ತಿದ್ದರು.

ಸಂಪಿಗೆಮರ:

ಅವರೇ. ಕೌಂಟಿಗೆ ಬಂದ ಮೇಲಿನ ಕೆಲಸದಲ್ಲಿ ನನಗೆ ನೆನಪಿರೋದು ಬ್ಯುಯೆನಾ ವಿಸ್ಟಾ. ಪಾಲೊ ಆಲ್ಟೊದಂಥ ಊರಿನ ನಡುವೆ ಬಡವರ, ಬಹುಪಾಲು ಸ್ಪ್ಯಾನಿಷ್ ಮಾತಾಡೋರ ಮೊಬೈಲ್ ಮನೆಗಳ ವಠಾರ. ಮಾಲೀಕರು ಮುಚ್ಚಿ ಮಾರೋಕೆ ಹೊರಟಿದ್ದರು. ವರ್ಷಗಟ್ಟಲೆ ನಗರಸಭೆ, ಕೌಂಟಿ, ವಸತಿ ಪ್ರಾಧಿಕಾರದವರನ್ನ ಕೂರಿಸಿ ಹಣ ಹೊಂದಿಸಿದರು. 2017ರಲ್ಲಿ ವಸತಿ ಪ್ರಾಧಿಕಾರವೇ ಆ ಜಾಗ ಕೊಂಡಿತು. ಅಲ್ಲಿನ ಮಕ್ಕಳು ಅದೇ ಶಾಲೆಗಳಲ್ಲಿ ಉಳಿದರು. ಸೆನೆಟ್‌ನಲ್ಲಿ ಕೂತು ಇದು ಆಗ್ತಿರಲಿಲ್ಲ.

ಜೋಳದರೊಟ್ಟಿ:

ಇದು ಛಲೋ ಕೆಲಸ. ಇದಕ್ಕ ನಂದೇನೂ ತಕರಾರಿಲ್ಲ. ಮುಂದ ಏನಾತು ಅವರದು?

ಸಂಪಿಗೆಮರ:

ಮುಂದಾದದ್ದು ಕಥೆ ಕಟ್ಟಿದರೂ ಯಾರೂ ನಂಬಲ್ಲ. 2024ರ ಚುನಾವಣೆಗೆ ನಮ್ಮ ಸಂಸದೆ ಅನಾ ಎಶೂ ಮತ್ತೆ ನಿಲ್ಲಲಿಲ್ಲ. ಸಿಮಿಟಿಯನ್ ಆ ಸೀಟಿಗೆ ನಿಂತರು. ಮಾರ್ಚ್‌ನ ಪ್ರಾಥಮಿಕ ಸುತ್ತಿನಲ್ಲಿ ಸ್ಯಾಮ್ ಲಿಕಾರ್ಡೊ ಮೊದಲು. ಎರಡನೇ ಸ್ಥಾನಕ್ಕೆ ಸಿಮಿಟಿಯನ್‌ಗೆ 30,249, ಅಸೆಂಬ್ಲಿ ಸದಸ್ಯ ಇವಾನ್ ಲೋಗೂ 30,249. ಸರಿಸಮ!

ಸರಿಸಮ ಆದ್ರೆ ಮೂವರೂ ನವೆಂಬರ್‌ಗೆ ಹೋಗಬಹುದು ಅನ್ನೋದು ನಿಯಮ. ಹಾಗೇ ಬಿಟ್ಟಿದ್ರೆ ಆಗ್ತಿತ್ತು. ಆದ್ರೆ ಇಲ್ಲಿ ಯಾವ ಮತದಾರ ಬೇಕಾದ್ರೂ ತನ್ನ ಖರ್ಚಲ್ಲಿ ಮರುಎಣಿಕೆ ಕೇಳಬಹುದು. ಒಬ್ಬರು ಕೇಳಿದರು. ಎಣಿಸಿದಾಗ ಲೋ ಐದು ಮತ ಮುಂದೆ. ಸಿಮಿಟಿಯನ್ ಹೊರಗೆ. ನವೆಂಬರ್‌ನಲ್ಲಿ ಲಿಕಾರ್ಡೊ ಗೆದ್ದರು.

ಗ್ರಾಮಸಭೆ:

ಇದರಲ್ಲಿ ಇನ್ನೊಂದು ಸುರುಳಿ ಇದೆ, ಗಮನಿಸಿದಿರಾ? ಮೂವರೂ ಡೆಮಾಕ್ರಟರು. ಒಂದೇ ಪಕ್ಷದವರು ಅಂತಿಮ ಸುತ್ತಿನಲ್ಲಿ ಎದುರಾಗಲು ಸಾಧ್ಯವಾದದ್ದೇ ಮಾಲ್ಡೊನಾಡೊ ಪಟ್ಟು ಹಿಡಿದು ತಂದ ಪ್ರೊಪೊಸಿಷನ್ 14ರಿಂದ. ಮಧ್ಯದವರಿಗೆ ಅನುಕೂಲವಾಗಲಿ ಎಂದು ತಂದ ನಿಯಮದಲ್ಲಿ ಮಧ್ಯದವರೊಬ್ಬರು ಐದು ಮತದಿಂದ ಬಿದ್ದರು.

ಕಡಲತಡಿ:

ಐದು ಮತ! ನಮ್ಮ ಅಪಾರ್ಟ್‌ಮೆಂಟಿನ ಒಂದು ಮಹಡಿಯವರು ಕಾಫಿ ಕುಡಿಯುತ್ತಾ ಕೂತದ್ದಕ್ಕೆ ಸಮ.

ಸಂಪಿಗೆಮರ:

ನಮ್ಮ ಮನೆಯಲ್ಲೇ ಒಬ್ಬರು ಆ ಮಾರ್ಚ್‌ನಲ್ಲಿ ಮತಪತ್ರ ಅಂಚೆಗೆ ಹಾಕೋದು ಮರೆತರು. ಅಡುಗೆಮನೆ ಡ್ರಾಯರಿನಲ್ಲಿ ಮೆಂತ್ಯದ ಪ್ಯಾಕೆಟ್ ಕೆಳಗೆ ಸಿಕ್ತು, ಏಪ್ರಿಲ್‌ನಲ್ಲಿ. ಯಾರಿಗೆ ಗುರುತು ಹಾಕಿದ್ದರು ಅಂತ ಇವತ್ತಿಗೂ ಹೇಳಿಲ್ಲ.

ಮಾವಿನತೋಪು:

ಇವತ್ತು ಅಮ್ಮನಿಗೆ ಮತ್ತೆ ಫೋನ್ ಮಾಡಿದ್ದೆ. ಬೆಂಕಿ, ಕರೆಂಟು, ವಠಾರ ಎಲ್ಲ ವಿವರವಾಗಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅಂದ್ರೆ ಡೀಸಿ ಅನ್ನು, ಸೂಪರ್‌ವೈಸರ್ ಅಂತ ಯಾಕಂತೀಯ" ಅಂದರು. ಡೀಸಿ ಅಲ್ಲಮ್ಮ, ಓಟು ಹಾಕಿ ಆರಿಸೋದು ಅಂದೆ. "ಓಟು ಹಾಕಿ ಡೀಸಿನ ಆರಿಸ್ತಾರಾ ಅಲ್ಲಿ?"

ಗ್ರಾಮಸಭೆ ಸರ್, ಇದಕ್ಕೆ ನೀವೇ ಒಂದು ಕನ್ನಡ ಪದ ಕೊಡಿ.

ಗ್ರಾಮಸಭೆ:

ಯೋಚಿಸುತ್ತಿದ್ದೇನೆ. "ಮೇಲ್ವಿಚಾರಕ" ಎಂದರೆ ಅಂಗನವಾಡಿ ನೆನಪಾಗುತ್ತದೆ. "ಜಿಲ್ಲಾ ಪಂಚಾಯತ್ ಸದಸ್ಯ" ಎಂದರೆ ತಾಯಿಯವರು ಮತ್ತೆ ಪಾಪ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮಂಡಳಿಯ ಸಭೆ ಇದೆ, ಅದನ್ನು ನೋಡುತ್ತಾ ಹುಡುಕುತ್ತೇನೆ.